ಹಸಿರಿನೊಳಗಿಂದ ಒಂದು ಮರವನ್ನು ಬಿಡಿಸಿಕೊಳ್ಳುವುದು: ಕರಾವಳಿಯ ಮರಗಳ ಛಾಯಾಗ್ರಹಣಕ್ಕೊಂದು ಕೈಪಿಡಿ

ಮಂಗಳೂರು, ಉಡುಪಿ ಕಡೆ ಮರಗಳ ಚಿತ್ರ ತೆಗೆಯಲು ಹೊರಟವರಿಗೆ ಮೊದಲು ಎದುರಾಗುವ ತೊಡಕೆಂದರೆ ಇಲ್ಲಿನ ಹಸಿರಿನ ಸಮೃದ್ಧಿಯೇ. ಬಯಲುಸೀಮೆಯ ಹೊಲದ ಬದುವಿನಲ್ಲಿ ಒಂಟಿಯಾಗಿ ನಿಂತ ಬೇವಿನ ಮರದ ಹಿಂದೆ ಬರೀ ಆಕಾಶವಿರುತ್ತದೆ. ನಮ್ಮಲ್ಲಿ ಹಲಸಿನ ಹಿಂದೆ ಮಾವು, ಮಾವಿನ ಹಿಂದೆ ತೆಂಗು, ಅದರಾಚೆ ಅಡಿಕೆ ತೋಟ, ಎಲ್ಲಕ್ಕೂ ಹಿಂದೆ ಗುಡ್ಡದ ಕಾಡು. ನಮಗೆ ಎರಡು ಕಣ್ಣುಗಳಿರುವುದರಿಂದಲೂ ನಡೆದಾಡುತ್ತ ನೋಡುವುದರಿಂದಲೂ ಇವುಗಳ ನಡುವಿನ ಅಂತರ ತಾನಾಗಿಯೇ ತಿಳಿಯುತ್ತದೆ. ಕ್ಯಾಮೆರಾಕ್ಕಿರುವುದು ಒಂದೇ ಕಣ್ಣು, ಅದೂ ನಿಂತಲ್ಲೇ ನಿಂತದ್ದು. ಹಾಗಾಗಿ ಚಿತ್ರದಲ್ಲಿ ಈ ಎಲ್ಲ ಹಸಿರುಗಳೂ ಒಂದಕ್ಕೊಂದು ಅಂಟಿಕೊಂಡು, ಎದುರು ನಿಂತಾಗ ಅಷ್ಟು ಗಂಭೀರವಾಗಿ ಕಂಡಿದ್ದ ಮರ ಮನೆಗೆ ಬಂದು ನೋಡುವಾಗ ಎಲ್ಲಿದೆಯೆಂದು ಹುಡುಕಬೇಕಾಗುತ್ತದೆ. ಬೆಳಕು, ಮಂಜು, ಎಲೆಯ ಋತು, ನಿಲ್ಲುವ ಜಾಗ, ಲೆನ್ಸ್ ಎಲ್ಲವನ್ನೂ ಒಂದು ಮರವನ್ನು ಅದರ ಹಿಂದಿನ ಹಸಿರಿನಿಂದ ಬೇರ್ಪಡಿಸುವ ಉಪಾಯಗಳೆಂದು ಭಾವಿಸಿಕೊಂಡು ಈ ಕೈಪಿಡಿಯನ್ನು ಓದಬೇಕೆಂದು ಕೋರುತ್ತೇನೆ.

ಮೊದಲು ಮರದ ಪರಿಚಯ

ಹೆಸರು ಗೊತ್ತಿಲ್ಲದ ಮರದ ಚಿತ್ರವನ್ನೂ ಚೆನ್ನಾಗಿ ತೆಗೆಯಬಹುದು. ಆದರೆ ಅದು ಯಾವಾಗ ಎಲೆ ಉದುರಿಸುತ್ತದೆ, ಯಾವಾಗ ಚಿಗುರುತ್ತದೆ, ಯಾವ ತಿಂಗಳಲ್ಲಿ ಹೂ ಬಿಡುತ್ತದೆ ಎಂಬುದು ಗೊತ್ತಿಲ್ಲದಿದ್ದರೆ ಸರಿಯಾದ ವಾರದಲ್ಲಿ ಅದರ ಮುಂದೆ ನಿಲ್ಲುವುದು ಕೇವಲ ಅದೃಷ್ಟದ ಮಾತಾಗುತ್ತದೆ. ಪರಿಚಯ ಬೆಳೆಸಿಕೊಳ್ಳಲು ಮಂಗಳೂರಿನ ಹೊರವಲಯದ ಪಿಲಿಕುಳ ನಿಸರ್ಗಧಾಮ ಒಳ್ಳೆಯ ಜಾಗ. ಪಶ್ಚಿಮ ಘಟ್ಟದ ಅನೇಕ ಜಾತಿಯ ಮರಗಳನ್ನು ಅಲ್ಲಿ ಒಂದೇ ಕಡೆ ಬೆಳೆಸಿದ್ದಾರೆ. ಊರಿನ ಹಿರಿಯರನ್ನೂ ತೋಟದಲ್ಲಿ ದುಡಿಯುವವರನ್ನೂ ಕೇಳುವುದು ಇನ್ನೂ ಒಳ್ಳೆಯದು. ಒಂದೇ ಮರಕ್ಕೆ ತುಳುವಿನಲ್ಲೊಂದು, ಕುಂದಗನ್ನಡದಲ್ಲೊಂದು, ಕೊಂಕಣಿಯಲ್ಲೊಂದು ಹೆಸರಿರುವುದರಿಂದ ಕೇಳಿದ್ದನ್ನೆಲ್ಲ ಬರೆದಿಟ್ಟುಕೊಂಡರೆ ಮುಂದೆ ಗೊಂದಲವಾಗುವುದಿಲ್ಲ.

ಕ್ಯಾಮೆರಾವನ್ನು ಚೀಲದಿಂದ ಹೊರತೆಗೆಯುವ ಮೊದಲು ಮರಕ್ಕೆ ಪೂರ್ತಿಯಾಗಿ ಒಂದು ಸುತ್ತು ಬಂದು, ಈ ಮರವನ್ನು ಪಕ್ಕದ ಮರದಿಂದ ಬೇರೆಯಾಗಿಸುವ ಗುಣ ಯಾವುದು ಎಂದು ಒಂದೇ ಮಾತಿನಲ್ಲಿ ಹೇಳಿಕೊಳ್ಳಲು ಪ್ರಯತ್ನಿಸಬೇಕು. ಗೋಳಿ ಮರಕ್ಕೆ ಅದರ ಬಿಳಲುಗಳೇ ಗುರುತು; ಆಗ ಚಿತ್ರ ಅಗಲಕ್ಕೆ ಹರಡಬೇಕೇ ಹೊರತು ಮೇಲಕ್ಕಲ್ಲ. ಹೆಬ್ಬಲಸು ನೆಟ್ಟಗೆ ಏರುವ ಮರವಾದ್ದರಿಂದ ಚೌಕಟ್ಟು ಉದ್ದವಾಗಿರಬೇಕು. ಪಾಲೆ ಮರದ ಕೊಂಬೆಗಳು ಒಂದು ಹಂತದಿಂದ ಇನ್ನೊಂದು ಹಂತಕ್ಕೆ ಬಿಡುವು ಕೊಟ್ಟು ಸುತ್ತಲೂ ಹೊರಡುತ್ತವೆ, ಎಲೆಗಳೂ ಹಾಗೆಯೇ ಒಂದೇ ಬಿಂದುವಿನಿಂದ ಸುತ್ತುಗಟ್ಟಿ ಹರಡುತ್ತವೆ. ಈ ಹಂತಗಳು ಕಾಣಬೇಕಾದರೆ ಮರದಿಂದ ದೂರ ಸರಿದು, ಅದರ ನಡುಎತ್ತರಕ್ಕೆ ಸಮನಾದ ಒಂದು ದಿಬ್ಬವನ್ನೋ ಮನೆಯ ತಾರಸಿಯನ್ನೋ ಹುಡುಕಬೇಕು. ಇದೇ ಪಾಲೆ ಮರದ ತೊಗಟೆಯನ್ನು ಹತ್ತಿರದಿಂದ ನೋಡಿದರೆ ಬೇರೆಯೇ ಚಿತ್ರ ಸಿಗುತ್ತದೆ. ಆಟಿ ಎಂಬ ತುಳು ತಿಂಗಳ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲೇ ಕಲ್ಲಿನಿಂದ ಜಜ್ಜಿ ಕೆತ್ತೆ ತೆಗೆದು ಕಷಾಯ ಮಾಡುವ ರೂಢಿ ತುಳುನಾಡಿನಲ್ಲಿರುವುದರಿಂದ, ಮನೆಗಳ ಬಳಿಯ ಹಳೆಯ ಮರಗಳ ಬುಡದಲ್ಲಿ, ಕೈಗೆಟಕುವ ಎತ್ತರದಲ್ಲಿ, ಹಿಂದಿನ ವರ್ಷಗಳ ಗಾಯಗಳು ಅಂಚು ಮಡಚಿಕೊಂಡು ಮಾಗಿರುತ್ತವೆ. ಹೊಸ ಗಾಯದಲ್ಲಿ ಒಸರಿದ ಹಾಲು ಒಣಗಿ ಗೆರೆಗಟ್ಟಿರುತ್ತದೆ. ಬದಿಯಿಂದ ಬೀಳುವ ಬೆಳಕಿನಲ್ಲಿ ಈ ಉಬ್ಬುತಗ್ಗುಗಳನ್ನು ಮೊಬೈಲಿನಲ್ಲೂ ಸೊಗಸಾಗಿ ಹಿಡಿಯಬಹುದು.

ಎಲೆಯ ಪಂಚಾಂಗ

ಜನವರಿಯಿಂದ ಏಪ್ರಿಲ್‌ವರೆಗಿನ ಅವಧಿಯನ್ನು ನಾನು ಕರಾವಳಿಯ ಮರಗಳಿಗೆ ಎಲ್ಲಕ್ಕಿಂತ ಒಳ್ಳೆಯ ಕಾಲವೆಂದು ಎಣಿಸುತ್ತೇನೆ. ಮಳೆಗಾಲವನ್ನೇ ಹೊಗಳುವವರು ಇದನ್ನು ಒಪ್ಪಲಿಕ್ಕಿಲ್ಲ. ಕಾರಣ ಸರಳವಾದದ್ದು: ಉಳಿದ ತಿಂಗಳುಗಳಲ್ಲಿ ಎಲ್ಲ ಮರಗಳೂ ಒಂದೇ ಬಣ್ಣದಲ್ಲಿದ್ದರೆ, ಈ ನಾಲ್ಕು ತಿಂಗಳಲ್ಲಿ ಒಂದೊಂದು ಮರವೂ ತನ್ನದೇ ಲೆಕ್ಕಾಚಾರದಲ್ಲಿ ಬಣ್ಣ ಬದಲಿಸುತ್ತದೆ. ಬೂರುಗದ ಮರ ಎಲೆಗಳನ್ನೆಲ್ಲ ಕಳಚಿ ಬರಿಯ ಕೊಂಬೆಗಳಲ್ಲಿ ಕೆಂಪು ಹೂಗಳನ್ನು ಹೊತ್ತು ನಿಲ್ಲುತ್ತದೆ. ಮನೆಯಂಗಳದ ಕಾಡುಬಾದಾಮಿಯ ಅಗಲ ಎಲೆಗಳು ಉದುರುವ ಮೊದಲು ಕಡುಗೆಂಪಾಗುತ್ತವೆ. ಸಾಗುವಾನಿ ಬೋಳಾಗಿ ತನ್ನ ಕೊಂಬೆಗಳ ವಿನ್ಯಾಸವನ್ನು ತೋರಿಸಿಕೊಡುತ್ತದೆ. ಅಶ್ವತ್ಥದ ಚಿಗುರು ತಾಮ್ರದ ಬಣ್ಣದ್ದು. ದೇವಸ್ಥಾನದ ಕಟ್ಟೆಯ ಮೇಲಿನ ಅಶ್ವತ್ಥ ಕೆಲವು ದಿನಗಳ ಮಟ್ಟಿಗೆ ಸುತ್ತಲಿನ ಹಸಿರಿಗೆ ಸಂಬಂಧವೇ ಇಲ್ಲದ ಮರದಂತೆ ಹೊಳೆಯುವುದನ್ನು ಎಷ್ಟೋ ಜನ ನಿತ್ಯ ಪ್ರದಕ್ಷಿಣೆ ಬರುವಾಗಲೂ ಗಮನಿಸಿರುವುದಿಲ್ಲ. ನಾಗಸಂಪಿಗೆಯ ಮತ್ತು ದಾಲ್ಚಿನ್ನಿಯ ಎಳೆಯ ಎಲೆಗಳು ಕೆಂಪಾಗಿ ಹೊರಟು ದಿನ ಕಳೆದಂತೆ ಹಸಿರಿಗೆ ತಿರುಗುತ್ತವೆ. ಏಪ್ರಿಲ್ ನಡುವಿನ ಬಿಸು ಹಬ್ಬದ ಹೊತ್ತಿಗೆ ಕಕ್ಕೆ ಮರದಲ್ಲಿ ಹಳದಿ ಗೊಂಚಲುಗಳು ಇಳಿಬಿದ್ದಿರುತ್ತವೆ.

ಈ ಬಣ್ಣಗಳು ನಿಲ್ಲುವುದು ಸ್ವಲ್ಪವೇ ಕಾಲ. ಅಶ್ವತ್ಥದ ಚಿಗುರು ಹಸಿರಾಗಲು ಹೆಚ್ಚು ದಿನ ಬೇಕಾಗುವುದಿಲ್ಲ. ಆದ್ದರಿಂದ ಕೆಲಸಕ್ಕೆ ಹೋಗಿಬರುವ ದಾರಿಯಲ್ಲೇ ಸಿಗುವ ನಾಲ್ಕೈದು ಮರಗಳನ್ನು ಆರಿಸಿಕೊಂಡು ಅವುಗಳ ಮೇಲೆ ಕಣ್ಣಿಟ್ಟಿರುವುದು, ದೂರದ ಘಟ್ಟಕ್ಕೆ ಅಪರೂಪಕ್ಕೊಮ್ಮೆ ಹೋಗಿಬರುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಹೆದ್ದಾರಿ 66 ಅಗಲವಾದಾಗ ಅದರ ಇಕ್ಕೆಲದ ಹಳೆಯ ಮರಗಳು ಹೇಗೆ ಒಂದೊಂದಾಗಿ ಹೋದವೆಂಬುದನ್ನು ನೋಡಿದವರಿಗೆ, ದಾರಿಬದಿಯ ಮರದ ಚಿತ್ರವನ್ನು ಮುಂದಿನ ವರ್ಷಕ್ಕೆ ಮುಂದೂಡಬಾರದು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ನಮ್ಮ ಅಕ್ಷಾಂಶದ ಬೆಳಕು

ಛಾಯಾಗ್ರಹಣದ ಪಾಠಗಳಲ್ಲಿ ಹೇಳುವ ಗೋಲ್ಡನ್ ಅವರ್ ಎಂಬ ಹೊಂಬಣ್ಣದ ಹೊತ್ತನ್ನು ಇಲ್ಲಿ ಒಂದು ಗಂಟೆಯೆಂದು ನಂಬಿ ಹೊರಟರೆ ತೊಂದರೆಯಾಗುತ್ತದೆ. ಉತ್ತರದ ದೇಶಗಳಲ್ಲಿ ಸೂರ್ಯ ಓರೆಯಾಗಿ ಏರುವುದರಿಂದ ಆ ಬೆಳಕು ಬಹಳ ಹೊತ್ತು ಉಳಿಯುತ್ತದೆ. ಮಂಗಳೂರು ಸುಮಾರು 12.9 ಡಿಗ್ರಿ, ಉಡುಪಿ ಸುಮಾರು 13.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಇಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಮೇಲೇರಿ, ಹುಟ್ಟಿದ ಒಂದು ಗಂಟೆಯಲ್ಲಿ ದಿಗಂತದಿಂದ 13–14 ಡಿಗ್ರಿ ಎತ್ತರಕ್ಕೆ ಬಂದಿರುತ್ತಾನೆ. ಕಾಂಡದ ಬದಿಗೆ ತಾಗಿ ತೊಗಟೆಯನ್ನು ಎದ್ದು ಕಾಣಿಸುವ ಮೃದುವಾದ ಬೆಳಕು ಸಿಗುವುದು ಅರ್ಧ ಗಂಟೆಯಷ್ಟೇ, ಕೆಲವೊಮ್ಮೆ ಅದಕ್ಕೂ ಕಡಿಮೆ. ಡಿಸೆಂಬರ್–ಜನವರಿಯಲ್ಲಿ ಸೂರ್ಯೋದಯ ಸುಮಾರು 6.45ರಿಂದ 7 ಗಂಟೆಯೊಳಗೆ, ಜೂನ್‌ನಲ್ಲಿ 6 ಗಂಟೆ ಕಳೆದ ಕೂಡಲೇ. ಆ ಹೊತ್ತಿಗೆ ಟ್ರೈಪಾಡ್ ನಿಂತು, ಚೌಕಟ್ಟು ನಿರ್ಧಾರವಾಗಿ, ಕೈ ಶಟರಿನ ಮೇಲಿರಬೇಕು. ಜಾಗ ಹುಡುಕುವ ಕೆಲಸವನ್ನು ಹಿಂದಿನ ದಿನವೇ ಮುಗಿಸಿಕೊಂಡಿರಬೇಕು.

ಸೂರ್ಯ ಹುಟ್ಟುವ ದಿಕ್ಕೂ ವರ್ಷದುದ್ದಕ್ಕೂ ಒಂದೇ ಆಗಿರುವುದಿಲ್ಲ. ಜೂನ್‌ನ ಸೂರ್ಯೋದಯಕ್ಕೂ ಡಿಸೆಂಬರ್‌ನ ಸೂರ್ಯೋದಯಕ್ಕೂ ದಿಗಂತದ ಮೇಲೆ ಸುಮಾರು 48 ಡಿಗ್ರಿಗಳ ಅಂತರವಿದೆ. ಆದ್ದರಿಂದ ಡಿಸೆಂಬರ್‌ನಲ್ಲಿ ಎರಡು ಮನೆಗಳ ಸಂದಿನಿಂದ ಬಂದು ಒಂದು ಮರವನ್ನಷ್ಟೇ ಬೆಳಗಿಸುತ್ತಿದ್ದ ಕಿರಣ ಮಾರ್ಚ್‌ನಲ್ಲಿ ಆ ಮರವನ್ನು ಮುಟ್ಟದೇ ಹೋಗಬಹುದು. ಹಿಂದಿನ ಹಸಿರು ನೆರಳಿನಲ್ಲಿದ್ದು ಮುಂದಿನ ಮರವೊಂದಕ್ಕೇ ಬೆಳಕು ಬೀಳುವ ಇಂಥ ಸಂದರ್ಭವೇ ಬೇರ್ಪಡಿಸುವಿಕೆಗೆ ಎಲ್ಲಕ್ಕಿಂತ ಒಳ್ಳೆಯ ಸಾಧನ. ಅದನ್ನು ಕಂಡಾಗ ಹಿನ್ನೆಲೆ ಕಪ್ಪಾಗುತ್ತದೆಂದು ಹೆದರದೆ, ಬೆಳಗಿದ ಎಲೆಗಳಿಗೆ ಹೊಂದುವಂತೆ ಎಕ್ಸ್‌ಪೋಷರ್ ಅನ್ನು ಒಂದು ಸ್ಟಾಪ್‌ನಷ್ಟು, ಅಂದರೆ ಒಳಬರುವ ಬೆಳಕು ಅರ್ಧವಾಗುವಷ್ಟು, ಇಳಿಸಬೇಕು. ಮೊಬೈಲಿನಲ್ಲಾದರೆ ಬೆಳಗಿದ ಭಾಗದ ಮೇಲೆ ಬೆರಳನ್ನು ಒತ್ತಿ ಹಿಡಿದು, ಲಾಕ್ ಆದ ಬಳಿಕ ಪರದೆಯ ಮೇಲೆ ಬರುವ ಸೂರ್ಯನ ಚಿಹ್ನೆಯನ್ನು ಕೆಳಕ್ಕೆ ಜಾರಿಸಿದರೆ ಸಾಕು.

ಮಧ್ಯಾಹ್ನದ ಬಗ್ಗೆ ಹೇಳುವುದು ಕಡಿಮೆ. ಏಪ್ರಿಲ್ ಕೊನೆಯ ವಾರದಲ್ಲಿಯೂ ಆಗಸ್ಟ್ ಮಧ್ಯದ ಸುಮಾರಿಗೂ ಸೂರ್ಯ ಹನ್ನೆರಡೂವರೆಯ ಹೊತ್ತಿಗೆ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಬಿಸಿಲಿದ್ದರೆ ಎಲೆಗಳ ಮೇಲ್ಭಾಗ ಬಿಳಿಚಿಕೊಂಡು ಕಾಂಡ ಕತ್ತಲಲ್ಲಿ ಮುಳುಗುತ್ತದೆ. ಆಗ ಮಾಡಬಹುದಾದದ್ದು ಒಂದೇ: ಕಾಡುಬಾದಾಮಿಯಂಥ ಅಗಲ ಎಲೆಯ ಮರದ ಬುಡದಲ್ಲಿ ಮಲಗಿ, ಬೆಳಕು ಎಲೆಗಳನ್ನು ಹಾದು ಬರುವುದನ್ನು ಕೆಳಗಿನಿಂದ ತೆಗೆಯುವುದು. ನರಗಳೆಲ್ಲ ಕಾಣುವ ಆ ಹಸಿರು ಬೇರೆ ಯಾವ ಹೊತ್ತಿನಲ್ಲೂ ಸಿಗುವುದಿಲ್ಲ.

ಕಡಲತೀರದ ಸಂಜೆಯ ಬಗ್ಗೆ ನನಗೊಂದು ತಕರಾರಿದೆ. ಪಣಂಬೂರಿನಿಂದ ಮಲ್ಪೆಯವರೆಗೆ ಎಲ್ಲ ಕ್ಯಾಮೆರಾಗಳೂ ಪಶ್ಚಿಮಕ್ಕೆ ಮುಖಮಾಡಿ, ಮುಳುಗುವ ಸೂರ್ಯನ ಮುಂದಿನ ತೆಂಗಿನ ಕಪ್ಪು ಆಕೃತಿಯನ್ನೇ ತೆಗೆಯುತ್ತವೆ. ಸೂರ್ಯ ಮುಳುಗಿದ ಬಳಿಕ ಸುಮಾರು ಹತ್ತು–ಹದಿನೈದು ನಿಮಿಷ ಸಮುದ್ರಕ್ಕೆ ಬೆನ್ನು ಹಾಕಿ ನಿಂತು ನೋಡಬೇಕು: ಪಡುವಣ ಆಕಾಶವೆಲ್ಲವೂ ದೀಪವಾಗಿ, ನೆರಳೇ ಇಲ್ಲದ ನಸುಗೆಂಪು ಬೆಳಕು ತೆಂಗಿನ ಕಾಂಡಗಳ ಉಂಗುರಗಳನ್ನು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿ ತೋರಿಸುತ್ತದೆ, ಹಿಂದಿನ ಮೂಡಣ ಆಕಾಶ ನೀಲಿಗೆ ತಿರುಗಿರುತ್ತದೆ. ಮಲ್ಪೆಯ ದಕ್ಷಿಣಕ್ಕಿರುವ ಪಡುಕೆರೆಯ ತೆಂಗಿನ ಸಾಲು ಇದಕ್ಕೆ ಹೇಳಿ ಮಾಡಿಸಿದಂತಿದೆ. ಶಟರ್ ನಿಧಾನವಾಗುವುದರಿಂದ ಟ್ರೈಪಾಡ್ ಬೇಕೇ ಬೇಕು. ಸಂಜೆ ಗಾಳಿ ಬೀಸುತ್ತಿದ್ದರೆ ಗರಿಗಳು ಮಸುಕಾಗುವುದನ್ನು ತಡೆಯಲು ಐಎಸ್ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಪ್ರಮಾಣ) ಏರಿಸಿ ಶಟರನ್ನು ಸೆಕೆಂಡಿನ 1/250ರ ಆಸುಪಾಸಿಗೆ ತರಬೇಕಾಗುತ್ತದೆ. ಗಾಳಿಯೇ ಬೇಡವೆನ್ನುವವರು ಬೆಳಿಗ್ಗೆ ಹೋಗಬೇಕು; ಕಡಲ ಗಾಳಿ ಏಳುವುದು ಹೊತ್ತೇರಿದ ಮೇಲೆ.

ಮಳೆ, ಮಂಜು, ಘಟ್ಟ

ಮಳೆಗಾಲದ ಮೋಡ ಬೆಳಕನ್ನು ಹದವಾಗಿ ಹರಡುತ್ತದೆ, ಒದ್ದೆಯಾದ ತೊಗಟೆ ಕಪ್ಪಾಗುತ್ತದೆ, ಅದರ ಮೇಲಿನ ಕಲ್ಲುಹೂವು, ಹಾವಸೆಗಳ ಬಣ್ಣ ತೀವ್ರವಾಗುತ್ತದೆ. ತೊಂದರೆ ಎರಡೇ. ಮೊದಲನೆಯದು ಬಿಳಿಯ ಆಕಾಶ: ಕೊಂಬೆಗಳ ನಡುವೆ ಅದರ ಒಂದು ತುಣುಕು ಕಂಡರೂ ನೋಡುವವರ ಕಣ್ಣು ಅಲ್ಲಿಗೇ ಹೋಗುತ್ತದೆ. ಹಾಗಾಗಿ ಆಕಾಶವನ್ನು ಚೌಕಟ್ಟಿನಿಂದ ಪೂರ್ತಿ ಹೊರಗಿಡುವುದು ಮೇಲು. ಗುಡ್ಡದ ಇಳಿಜಾರಿನಲ್ಲಿ ಮೇಲ್ಗಡೆ ನಿಂತು ಕೆಳಗಿನ ಮರವನ್ನು ತೆಗೆದರೆ ಇದು ಸುಲಭ. ಎರಡನೆಯದು ಒದ್ದೆ ಎಲೆಗಳ ಹೊಳಪು. ಪ್ರತಿ ಎಲೆಯೂ ಆಕಾಶವನ್ನು ಪ್ರತಿಫಲಿಸಿ ಮರದ ತುಂಬ ಬಿಳಿ ಚುಕ್ಕೆಗಳೇ ಕಾಣುತ್ತವೆ. ಇದಕ್ಕೆ ಪೊಲರೈಸರ್ ಫಿಲ್ಟರ್ ಒಂದೇ ಮದ್ದು: ಲೆನ್ಸಿನ ಮುಂದೆ ಹಾಕಿ ನಿಧಾನವಾಗಿ ತಿರುಗಿಸುತ್ತ ಹೋದರೆ ಒಂದು ಹಂತದಲ್ಲಿ ಹೊಳಪು ಆರಿ ಒಳಗಿನ ಹಸಿರು ಮೇಲೆ ಬರುತ್ತದೆ. ಈ ಬದಲಾವಣೆಯನ್ನು ಕಂಪ್ಯೂಟರಿನಲ್ಲಿ ಆಮೇಲೆ ಮಾಡಲಾಗುವುದಿಲ್ಲ. ಫಿಲ್ಟರು ಒಂದೂವರೆಯಿಂದ ಎರಡು ಸ್ಟಾಪ್ ಬೆಳಕನ್ನು ನುಂಗುತ್ತದೆ ಎಂಬುದನ್ನು ಮಾತ್ರ ನೆನಪಿನಲ್ಲಿಡಬೇಕು.

ಮಂಜು ಬಂದರೆ ಬೇರ್ಪಡಿಸುವ ಕೆಲಸವನ್ನು ಅದೇ ಮಾಡಿಕೊಡುತ್ತದೆ. ಹತ್ತಿರದ ಮರ ಗಾಢವಾಗಿ, ಅದರ ಹಿಂದಿನದು ನಸುಬೂದಿಯಾಗಿ, ಅದರಾಚೆಯದು ಕರಗಿಹೋಗುವಂತೆ ಕಾಣುತ್ತದೆ. ಚಳಿಗಾಲದ ಬೆಳಗುಗಳಲ್ಲಿ ನದಿ ಕಣಿವೆಗಳ, ಗದ್ದೆ ಬಯಲುಗಳ ಮೇಲೆ ಇಂಥ ಮಂಜು ಕವಿಯುತ್ತದೆ. ಮಣಿಪಾಲದ ಎಂಡ್ ಪಾಯಿಂಟಿನಿಂದ ಕೆಳಗೆ ಸ್ವರ್ಣಾ ನದಿಯ ಕಡೆಗೆ ನೋಡುವವರು ಅದನ್ನು ಕಾಯಬಹುದು. ಕ್ಯಾಮೆರಾದ ಮಾಪಕ ಮಂಜನ್ನು ಕಂಡರೆ ಬೆಳಕು ಹೆಚ್ಚಾಯಿತೆಂದು ತಿಳಿದು ಚಿತ್ರವನ್ನು ಮಂಕಾಗಿಸುವುದರಿಂದ ಎಕ್ಸ್‌ಪೋಷರನ್ನು ಮುಕ್ಕಾಲಿನಿಂದ ಒಂದು ಸ್ಟಾಪ್ ಏರಿಸಬೇಕು. ಆಟೋಫೋಕಸ್ ತಡಕಾಡಿದರೆ ಕಾಂಡದ ಅಂಚಿನ ಮೇಲೆ ಫೋಕಸ್ ಮಾಡಿ, ಮ್ಯಾನುಯಲ್‌ಗೆ ಬದಲಿಸಿಟ್ಟುಕೊಳ್ಳಬೇಕು.

ಘಟ್ಟದ ಬುಡದಲ್ಲಿ ಬೆಳಕಿನ ಲೆಕ್ಕವೇ ಬೇರೆ. ಹೆಬ್ರಿ, ಸೋಮೇಶ್ವರದ ಕಡೆಗೆ ಪೂರ್ವದಲ್ಲಿ ಘಟ್ಟವೇ ಗೋಡೆಯಾಗಿ ನಿಂತಿರುವುದರಿಂದ ಬೆಳಗಿನ ಸೂರ್ಯ ಅಲ್ಲಿಗೆ ತಲುಪುವಾಗ ಬಣ್ಣ ಕಳೆದುಕೊಂಡಿರುತ್ತಾನೆ. ನೆರಳಿನಲ್ಲಿರುವ ಆ ಬೆಳಗಿನ ಹೊತ್ತು ಮಂಜಿಗೂ ಕಾಂಡಗಳ ವಿವರಕ್ಕೂ ಒಳ್ಳೆಯದು, ಆದರೆ ಇಳಿಜಾರಿನ ಇಡೀ ಕಾಡು ಬೆಳಗುವುದು ಸಂಜೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲ್ಪಟ್ಟು ಮಳೆ ಬೀಳುತ್ತದೆ, ಆದ್ದರಿಂದ ಜೂನ್–ಆಗಸ್ಟ್‌ನಲ್ಲಿ ಹೋಗುವವರು ಕ್ಯಾಮೆರಾಕ್ಕೆ ಮಳೆಗವಚ, ಲೆನ್ಸಿಗೆ ಹುಡ್, ಒರೆಸಲು ಹಲವು ಒಣ ಬಟ್ಟೆಗಳು, ಇಂಬಳಗಳಿಗೆ ಉದ್ದ ಕಾಲುಚೀಲ ಇವನ್ನೆಲ್ಲ ಸಿದ್ಧಪಡಿಸಿಕೊಂಡೇ ಹೋಗಬೇಕು. ಹೇರ್‌ಪಿನ್ ತಿರುವುಗಳಲ್ಲಿ ವಾಹನ ನಿಲ್ಲಿಸುವ ಚಪಲ ಬೇಡ. ಸೋಮೇಶ್ವರ 1974ರಿಂದ ವನ್ಯಜೀವಿಧಾಮ. ರಸ್ತೆ ಬಿಟ್ಟು ಒಳಗೆ ಹೋಗಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು.

ಎಲ್ಲಿ ನಿಲ್ಲಬೇಕು, ಯಾವ ಲೆನ್ಸ್

ಮರ ದೊಡ್ಡದಿದೆ ಎಂದು ಮೊಬೈಲಿನಲ್ಲಿ 0.5 ಗುಂಡಿಯನ್ನು ಒತ್ತುವ ಅಭ್ಯಾಸ ಎಲ್ಲರಿಗೂ ಇದೆ. ಹತ್ತಿರ ನಿಂತು ಅಷ್ಟು ಅಗಲದ ಲೆನ್ಸಿನಲ್ಲಿ ಮೇಲಕ್ಕೆ ತಿರುಗಿಸಿ ತೆಗೆದರೆ ಕಾಂಡ ಹಿಂದಕ್ಕೆ ವಾಲಿ, ತಲೆ ಚಿಕ್ಕದಾಗಿ, ನೂರು ವರ್ಷದ ಮರ ಗಿಡದಂತೆ ಕಾಣುತ್ತದೆ. ಸಾಧ್ಯವಿರುವಷ್ಟು ಹಿಂದೆ ಸರಿದು 2 ಅಥವಾ 3ರ ಗುಂಡಿಯನ್ನು, ಕ್ಯಾಮೆರಾದಲ್ಲಾದರೆ 70ರಿಂದ 200 ಮಿಲಿಮೀಟರಿನ ಲೆನ್ಸನ್ನು ಬಳಸಿ, ಕ್ಯಾಮೆರಾವನ್ನು ಮೇಲೆ ಕೆಳಗೆ ಬಾಗಿಸದೆ ಸಮತಲದಲ್ಲಿ ಹಿಡಿದರೆ ಮರ ತನ್ನ ನಿಜವಾದ ಗಾತ್ರದಲ್ಲಿ ನಿಲ್ಲುತ್ತದೆ. ಹಿಂದೆ ಸರಿಯಲು ಜಾಗವೇ ಇಲ್ಲದಿದ್ದರೆ ಇಡೀ ಮರದ ಆಸೆಯನ್ನು ಬಿಟ್ಟು ಅದರ ಒಂದು ಕವಲನ್ನೋ ಬೇರನ್ನೋ ತೆಗೆಯುವುದೇ ಲೇಸು. ಲೆನ್ಸಿನ ಕಂಡಿಯ ಅಳತೆ ಎಫ್/8 ಅಥವಾ ಎಫ್/11 ಇದ್ದಾಗ ಮುಂದಿನ ಬೇರಿನಿಂದ ಹಿಂದಿನ ಕೊಂಬೆಯವರೆಗೆ ಸಾಕಷ್ಟು ಸ್ಪಷ್ಟತೆ ಸಿಗುತ್ತದೆ. ಎಫ್/16 ದಾಟಿದರೆ ಚಿತ್ರವೇ ಮೃದುವಾಗತೊಡಗುತ್ತದೆ.

ಎರಡು ಹೆಜ್ಜೆ ಎಡಕ್ಕೋ ಬಲಕ್ಕೋ ಸರಿದು ನೋಡುವುದು ಯಾವ ಲೆನ್ಸಿಗಿಂತಲೂ ಹೆಚ್ಚು ಉಪಕಾರಿ. ನಮ್ಮ ಮರದ ಕಾಂಡವೂ ಹಿಂದಿನ ಮರದ ಕಾಂಡವೂ ಒಂದರ ಮೇಲೊಂದು ಬಿದ್ದಿದ್ದರೆ ಅವುಗಳ ನಡುವೆ ಸಣ್ಣ ಸಂದು ಕಾಣುವವರೆಗೆ ಸರಿಯಬೇಕು. ವಿದ್ಯುತ್ ತಂತಿ, ಫ್ಲೆಕ್ಸ್ ಬೋರ್ಡು, ಕಟ್ಟೆಯ ಹೊಸ ಟೈಲ್ಸು ಮರೆಯಾಗುವ ಕೋನವೂ ಹೀಗೆಯೇ ಸಿಗುತ್ತದೆ. ಮುರಕಲ್ಲಿನ ಪದವುಗಳಲ್ಲಿ, ಅಂದರೆ ಗುಡ್ಡದ ಮೇಲಿನ ಬಯಲುಗಳಲ್ಲಿ, ಒಂಟಿ ಮರಗಳು ಈಗಲೂ ಅಲ್ಲಲ್ಲಿ ಉಳಿದಿವೆ. ಅಲ್ಲಿ ಕುಳಿತು, ಕ್ಯಾಮೆರಾವನ್ನು ನೆಲಮಟ್ಟಕ್ಕೆ ತಂದರೆ ಮರದ ಹಿಂದೆ ಆಕಾಶವಷ್ಟೇ ಉಳಿಯುತ್ತದೆ.

ಅಡಿಕೆ ತೋಟದಲ್ಲಿ ಪ್ರಶ್ನೆ ತಿರುವುಮುರುವಾಗುತ್ತದೆ, ಏಕೆಂದರೆ ಅಲ್ಲಿ ಬೇಕಾದದ್ದು ಒಂದು ಮರವಲ್ಲ, ಸಾಲು. ಸಾಲಿನ ನಡುವೆ ನಿಂತು ಉದ್ದಕ್ಕೆ ತೆಗೆಯುವುದು ಎಲ್ಲರೂ ಮಾಡುವ ಕೆಲಸ. ಸಾಲಿಗೆ ಅಡ್ಡಲಾಗಿ ನಿಂತು ದೂರದ ಲೆನ್ಸಿನಲ್ಲಿ ತೆಗೆದರೆ ಕಾಂಡಗಳು ಬೇರೆ ಬೇರೆ ಅಂತರದಲ್ಲಿ ಗೆರೆಗಳಾಗಿ ನಿಲ್ಲುತ್ತವೆ. ನೈಋತ್ಯದ ಬಿಸಿಲಿಗೆ ಕಾಂಡ ಬೇಯದಂತೆ ಕೆಲವರು ಆ ಬದಿಗೆ ಸುಣ್ಣ ಬಳಿಯುತ್ತಾರೆ ಅಥವಾ ಸೋಗೆ ಕಟ್ಟುತ್ತಾರೆ, ಹಾಗಾಗಿ ಬರಿಯ ಹಸಿರು ಕಾಂಡ ಬೇಕಾದವರು ಈಶಾನ್ಯದ ಬದಿಯಲ್ಲಿ ನಿಲ್ಲಬೇಕು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಸಿಂಪಡಿಸಿದ ತೋಟದಲ್ಲಿ ಗೊನೆಗಳ ಮೇಲೆ, ಕಾಂಡದ ಉಂಗುರಗಳ ಮೇಲೆ ಮೈಲುತುತ್ತಿನ ನಸುನೀಲಿ ಕಲೆ ಉಳಿದಿರುತ್ತದೆ. ಅದನ್ನು ಅಳಿಸಬೇಕಾದ ದೋಷವೆಂದು ನಾನು ತಿಳಿಯುವುದಿಲ್ಲ.

ಕಾಂಡ್ಲಾ (ಮ್ಯಾಂಗ್ರೋವ್) ಕಾಡಿಗೆ ಉಬ್ಬರ ಇಳಿತದ ವೇಳಾಪಟ್ಟಿಯನ್ನು ನೋಡಿಯೇ ಹೋಗಬೇಕು. ಇಳಿತದಲ್ಲಿ ಊರುಗೋಲಿನಂಥ ಬೇರುಗಳು ಪೂರ್ತಿ ಹೊರಬರುತ್ತವೆ, ಉಬ್ಬರದಲ್ಲಿ ಬೇರು ಮುಳುಗಿ ಎಲೆಗಳ ಪ್ರತಿಬಿಂಬ ಸಿಗುತ್ತದೆ; ಹೊತ್ತು ದಿನಕ್ಕೆ ಸುಮಾರು 50 ನಿಮಿಷದಷ್ಟು ಮುಂದಕ್ಕೆ ಹೋಗುತ್ತದೆ. ಸಾಲಿಗ್ರಾಮದ ಬಳಿ ಸೀತಾ ನದಿಯ ಹಿನ್ನೀರಿನಲ್ಲೂ ಕುಂದಾಪುರದ ಪಂಚಗಂಗಾವಳಿಯಲ್ಲೂ ದೋಣಿಯಿಂದ ತೆಗೆಯಬಹುದು. ದೋಣಿಯಲ್ಲಿ ಟ್ರೈಪಾಡ್ ನಿರುಪಯೋಗಿ, ಶಟರಿನ ವೇಗವೇ ಆಧಾರ.

ನಾಗಬನಗಳ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಕರಾವಳಿಯ ಅತಿ ಹಳೆಯ ಮರಗಳಲ್ಲಿ ಎಷ್ಟೋ ಮರಗಳು ಉಳಿದಿರುವುದು ಅಲ್ಲಿಯೇ, ಅದೂ ಯಾರೂ ಒಳಗೆ ಕಾಲಿಡದ ಕಾರಣಕ್ಕೆ. ಬನ ಯಾವ ಕುಟುಂಬಕ್ಕೆ ಸೇರಿದೆಯೋ ಅದರ ಹಿರಿಯರನ್ನು ಕೇಳದೆ ಕ್ಯಾಮೆರಾ ತೆಗೆಯಬಾರದು. ಬೇಡವೆಂದರೆ ವಾದಿಸದೆ ಹೊರಗಿನಿಂದಲೇ, ಗದ್ದೆಯ ನಡುವೆ ನಿಂತ ಆ ಹಸಿರು ಗುಮ್ಮಟವನ್ನು ದೂರದ ಲೆನ್ಸಿನಲ್ಲಿ ತೆಗೆಯಬಹುದು. ಎಷ್ಟೋ ಕಡೆ ಮರ ಕಡಿದು ಕಾಂಕ್ರೀಟ್ ಕಟ್ಟೆಯನ್ನೇ ಬನವೆಂದು ಕರೆಯುವಂತಾಗಿದೆ, ಆದ್ದರಿಂದ ಮರಗಳಿರುವ ಬನದ ಚಿತ್ರಕ್ಕೆ ದಾಖಲೆಯ ಬೆಲೆಯೂ ಇದೆ. ಚೌಕಟ್ಟಿಗೆ ಅಡ್ಡ ಬರುವ ಕೊಂಬೆಯನ್ನು ಮುರಿಯುವವರನ್ನು ಎಲ್ಲ ಕಡೆ ಕಂಡಿದ್ದೇನೆ. ಅಂಥವರಿಗೆ ಈ ಬರಹ ಉಪಯೋಗಕ್ಕೆ ಬರುವುದಿಲ್ಲ.

ಮನೆಗೆ ಬಂದ ಮೇಲೆ

ಸಂಸ್ಕರಣೆಯಲ್ಲಿ ಹಸಿರನ್ನು ಏರಿಸುವ ಬದಲು ಇಳಿಸಬೇಕು. ಮೊಬೈಲುಗಳು ತಾವಾಗಿಯೇ ಎಲೆಗಳಿಗೆ ಪ್ಲಾಸ್ಟಿಕ್ಕಿನ ಹಸಿರನ್ನು ಬಳಿಯುವುದರಿಂದ, ಸಾಧ್ಯವಿದ್ದರೆ ರಾ ರೂಪದಲ್ಲಿ, ಅಂದರೆ ಬಣ್ಣ ತಿದ್ದದ ಕಚ್ಚಾ ಕಡತವಾಗಿ, ತೆಗೆದು, ಹಸಿರಿನ ತೀವ್ರತೆಯನ್ನು ತಗ್ಗಿಸಿ ಸ್ವಲ್ಪ ಹಳದಿಯ ಕಡೆಗೆ ಸರಿಸಿದರೆ ಕಣ್ಣು ಕಂಡ ಬಣ್ಣಕ್ಕೆ ಹತ್ತಿರ ಬರುತ್ತದೆ. ಕಾಂಡ, ಕೊಂಬೆಗಳ ಆಕಾರವೇ ಮುಖ್ಯವಾದ ಚಿತ್ರಗಳನ್ನು ಕಪ್ಪುಬಿಳುಪಿಗೆ ತಿರುಗಿಸಿ, ಹಸಿರು ಮತ್ತು ಹಳದಿಯ ಪ್ರಮಾಣವನ್ನು ಬೇರೆ ಬೇರೆಯಾಗಿ ಹೆಚ್ಚುಕಡಿಮೆ ಮಾಡಿದರೆ ಅಂಟಿಕೊಂಡಿದ್ದ ಮರಗಳು ಅಲ್ಲಿಯೂ ಬಿಡಿಸಿಕೊಳ್ಳುತ್ತವೆ.

ನಮ್ಮ ಊರಿನ ಆರ್ದ್ರತೆಗೆ ಲೆನ್ಸಿನೊಳಗೆ ಬೂಷ್ಟು ಹಿಡಿಯುವುದು ಸಾಮಾನ್ಯ. ಚರ್ಮದ ಚೀಲದಲ್ಲಿ, ಬಟ್ಟೆಯ ಕಪಾಟಿನಲ್ಲಿ ಲೆನ್ಸ್ ಇಡಬಾರದು; ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆಗಿಟ್ಟು, ಆರ್ದ್ರತೆ ಶೇಕಡ 40–50ರ ನಡುವೆ ಇರುವಂತೆ ಅಗ್ಗದ ಮಾಪಕವೊಂದರಲ್ಲಿ ನೋಡಿಕೊಳ್ಳಬೇಕು. ಎಸಿ ಕಾರಿನಿಂದ ಇಳಿದ ಕೂಡಲೇ ಗಾಜಿನ ಮೇಲೆ ಹನಿಗಟ್ಟುವುದರಿಂದ ಸ್ಥಳ ತಲುಪುವ ಹದಿನೈದು–ಇಪ್ಪತ್ತು ನಿಮಿಷ ಮೊದಲೇ ಎಸಿ ಆರಿಸಿ ಕಿಟಕಿ ಇಳಿಸಬೇಕು. ಕೊನೆಯದಾಗಿ, ಪ್ರತಿ ಚಿತ್ರದ ಜೊತೆ ಮರದ ಹೆಸರು, ಊರು, ದಿನಾಂಕ, ಹೊತ್ತು, ಬೆಳಕು ಬಂದ ದಿಕ್ಕು, ಎಲೆಯ ಸ್ಥಿತಿ ಇಷ್ಟನ್ನು ಒಂದು ಪುಸ್ತಕದಲ್ಲಿ ಒಂದೊಂದು ಸಾಲಿನಲ್ಲಿ ಬರೆದಿಟ್ಟರೆ, ಮುಂದಿನ ವರ್ಷ ಅದೇ ಮರದ ಬಳಿಗೆ ಯಾವ ವಾರ, ಎಷ್ಟು ಗಂಟೆಗೆ ಹೋಗಬೇಕೆಂಬುದು ಆ ಪುಸ್ತಕದಲ್ಲೇ ಸಿಗುತ್ತದೆ.